ಅಜ್ಜಿಯ ಕಾಸಿಗೆ ಹುಣಸೆಹಣ್ಣು ಬೇಡವೇ ಬೇಡ!

ಹಬ್ಬ ಹತ್ತಿರ ಬಂತೆಂದರೆ ನಮ್ಮ ಕೈಗೆ ಹುಣಸೆಹಣ್ಣು, ಉಪ್ಪು ತಾನಾಗಿ ಬಂದುಬಿಡುತ್ತದೆ. ತಾಮ್ರದ ಬಿಂದಿಗೆ, ಪಂಚಪಾತ್ರೆ, ಉದ್ಧರಣೆ, ಕಲಶದ ಚೊಂಬು ಎಲ್ಲವೂ ಅರ್ಧ ಗಂಟೆಯಲ್ಲಿ ಫಳಫಳ. ಒಳ್ಳೆಯದೇ ಬಿಡಿ, ಪಾತ್ರೆ ಇರೋದೇ ಬೆಳಗೋದಕ್ಕೆ. ಆದರೆ ಅದೇ ಉತ್ಸಾಹದಲ್ಲಿ ಅಜ್ಜಿಯ ಡಬ್ಬಿಯಲ್ಲಿರುವ ಹಳೇ ತಾಮ್ರದ ಕಾಸುಗಳನ್ನೂ ತಂದು ಆ ಬಟ್ಟಲಿಗೇ ಹಾಕುವವರಿದ್ದಾರಲ್ಲ, ಅವರಿಗೆ ನಾಲ್ಕು ಮಾತು ಹೇಳಲೇಬೇಕು.

ಕೆಜಿಎಫ್, ಬಂಗಾರಪೇಟೆ ಕಡೆಯ ಮನೆಗಳಲ್ಲಿ ಇಂಥ ಡಬ್ಬಿ ಅಪರೂಪವೇನಲ್ಲ. ಬಿಸ್ಕತ್ತಿನ ಟಿನ್ನು, ಹಾರ್ಲಿಕ್ಸ್ ಬಾಟಲಿ, ಇಲ್ಲವೇ ಬಟ್ಟೆಯ ಗಂಟು. ಒಳಗೆ ವಿಕ್ಟೋರಿಯಾ ರಾಣಿಯ ಕಾಲು ಆಣೆ, ಜಾರ್ಜ್ ದೊರೆಯ ಕಾಸು, ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಿಂದ ಬಂದ ತೂತಿನ ಕಾಸು, 1950ರ ಕುದುರೆ ಚಿತ್ರದ ಪೈಸೆ, 1957ರ ಪುಟಾಣಿ ನಯಾ ಪೈಸೆ. ನಾಲ್ಕು ಕಾಸಿಗೆ ಒಂದಾಣೆ, ಅರವತ್ನಾಲ್ಕು ಕಾಸಿಗೆ ಒಂದು ರೂಪಾಯಿ ಅನ್ನೋ ಲೆಕ್ಕ ನಮ್ಮ ಅಜ್ಜಿಯರಿಗೆ ನಾಲಿಗೆ ತುದಿಯಲ್ಲಿತ್ತು. ಸಂಬಳದ ದಿನ ಗಂಡ ತಂದುಕೊಟ್ಟದ್ದರಲ್ಲಿ ಅಕ್ಕಿ, ಬೇಳೆ, ಸೀಮೆಎಣ್ಣೆ ಎಲ್ಲ ಮುಗಿದು ಉಳಿದ ಚಿಲ್ಲರೆಯೇ ಆ ಡಬ್ಬಿಗೆ ಬೀಳುತ್ತಿತ್ತು. ಅದು ಅವಳದ್ದೇ ದುಡ್ಡು, ಯಾರೂ ಲೆಕ್ಕ ಕೇಳದ ದುಡ್ಡು.

ಚಿನ್ನ ಹೋಯಿತು, ತಾಮ್ರ ಉಳಿಯಿತು

ಯೋಚಿಸಿ ನೋಡಿ, ಎಂಥ ವಿಚಿತ್ರ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದಮೇಲೆ ನೂರಿಪ್ಪತ್ತು ವರ್ಷ ಆ ನೆಲದಿಂದ ಚಿನ್ನ ತೆಗೆದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಹೋಯಿತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು, ಅದಕ್ಕೂ ಮುಂಚೆ 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಷ್ಟು ಚಿನ್ನ ತೆಗೆದವರ ಮನೆಯಲ್ಲಿ ಚಿನ್ನವೆಷ್ಟು ಉಳಿಯಿತು? ಇದ್ದ ಒಂದೆರಡು ಒಡವೆಯೂ ಮಗಳ ಮದುವೆಗೋ, ಮಗನ ಫೀಸಿಗೋ ಗಿರವಿ ಅಂಗಡಿ ಸೇರಿತು. ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೊರಟರು. ಎಷ್ಟೋ ಮನೆಗಳಲ್ಲಿ ಗಣಿಯ ಕಾಲದ ನೆನಪು ಅಂತ ಉಳಿದಿರೋದು ಯಾರೂ ಅಡ ಇಟ್ಟುಕೊಳ್ಳದ ಈ ತಾಮ್ರದ ಚಿಲ್ಲರೆ ಮಾತ್ರ. ಅದನ್ನೂ ಉಜ್ಜಿ ಹಾಳು ಮಾಡಬೇಕೆ?

ಬಣ್ಣ ಯಾಕೆ ಬದಲಾಗುತ್ತೆ?

ಚಿನ್ನಕ್ಕೆ ಗಾಳಿಯ ಹಂಗಿಲ್ಲ. ನೂರು ವರ್ಷ ಬಿಟ್ಟು ತೆಗೆದರೂ ಅದೇ ಹಳದಿ. ತಾಮ್ರ ಹಾಗಲ್ಲ. ಟಂಕಸಾಲೆಯಿಂದ ಬಂದಾಗ ಕೆಂಪಗೆ ಬೆಂಕಿಯಂತಿರುತ್ತದೆ, ಗಾಳಿಯ ಆಮ್ಲಜನಕ ಸೇರಿ ನಿಧಾನಕ್ಕೆ ಕಂದಾಗುತ್ತದೆ, ಆಮೇಲೆ ಕಾಫಿ ಡಿಕಾಕ್ಷನ್ ಬಣ್ಣ. 1906ರ ಸುಮಾರಿಗೆ ಕಾಲು ಆಣೆಯನ್ನು ತಾಮ್ರದ ಬದಲು ಕಂಚಿನಲ್ಲಿ ಹೊಡೆಯೋಕೆ ಶುರುಮಾಡಿದರು. ಆದರೆ ಕಂಚಿನಲ್ಲೂ ಬಹುಪಾಲು ತಾಮ್ರವೇ ಆದ್ದರಿಂದ ಕತೆ ಅದೇ. ನಾಣ್ಯ ಸಂಗ್ರಹಕಾರರು ಇದನ್ನೇ ಕೆಂಪು, ಕೆಂಪು-ಕಂದು, ಕಂದು ಅಂತ ಮೂರು ವರ್ಗ ಮಾಡುತ್ತಾರೆ. ಹುಟ್ಟುಬಣ್ಣ ಉಳಿಸಿಕೊಂಡಿರುವ ಕೆಂಪು ಕಾಸಿಗೆ ಬೆಲೆ ಜಾಸ್ತಿ. ಸುದ್ದಿ ಇಷ್ಟು ಕಿವಿಗೆ ಬಿದ್ದರೆ ಸಾಕು, ಕಂದು ಕಾಸನ್ನು ಕೆಂಪಗೆ ಮಾಡಿಬಿಡೋಣ ಅಂತ ಹುಣಸೆಹಣ್ಣು ನೆನೆಹಾಕುತ್ತೇವೆ!

ಅಲ್ಲೇ ತಪ್ಪು. ಆ ಕಂದು ಕೊಳೆಯಲ್ಲ, ಅದು ನಾಣ್ಯದ ಚರ್ಮ. ಕೆಳಗಿನ ಲೋಹವನ್ನು ಕಾಪಾಡುವ ತೆಳುವಾದ ಪದರ. ಹುಣಸೆಯ ಹುಳಿ ಆ ಚರ್ಮವನ್ನು ಸುಲಿಯುತ್ತದೆ. ಉಪ್ಪು ಇನ್ನೂ ಕೆಟ್ಟದ್ದು, ಅದರಲ್ಲಿರುವ ಕ್ಲೋರೈಡ್ ಕಾಸಿನ ಸಣ್ಣ ಸಣ್ಣ ರಂಧ್ರದಲ್ಲಿ ಉಳಿದುಬಿಟ್ಟರೆ ತೇವ ತಗುಲಿದಾಗಲೆಲ್ಲ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಮೇಲೆ ತಿಳಿಹಸಿರು ಪುಡಿ ಏಳುತ್ತದೆ. ತೊಳೆದ ದಿನ ಮಿಂಚುವ ಕಾಸು ಒಂದೆರಡು ಮಳೆಗಾಲದಲ್ಲಿ ಮಚ್ಚೆ ಮಚ್ಚೆಯಾಗುತ್ತದೆ. ಆ ಮಿಂಚೂ ಹುಟ್ಟುಬಣ್ಣವಲ್ಲ, ಒಂಥರಾ ಸತ್ತ ಗುಲಾಬಿ. ನೋಡಿ ಪಳಗಿದವರು ದೂರದಿಂದಲೇ ಗುರುತು ಹಿಡಿಯುತ್ತಾರೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಸುಮ್ನೆ ಹೇಳಿದ್ರಾ? ನಿಂಬೆ, ವಿನಿಗರ್, ಪಾತ್ರೆ ಪುಡಿ, ಟೂತ್‌ಪೇಸ್ಟ್, ವಿಭೂತಿ ಎಲ್ಲಕ್ಕೂ ಇದೇ ಮಾತು.

ಹಾಗಾದರೆ ಬಣ್ಣ ಉಳಿಸೋದು ಅಂದ್ರೇನು? ಇಂದು ಯಾವ ಬಣ್ಣ ಇದೆಯೋ ಅದನ್ನು ಉಳಿಸೋದು. ಕೆಂಪಗಿದ್ದರೆ ಕೆಂಪು, ಕಂದಾಗಿದ್ದರೆ ಕಂದು. ಹೋದ ಬಣ್ಣ ವಾಪಸ್ ಬರೋಲ್ಲ, ಹೋದ ವಯಸ್ಸಿನ ಹಾಗೆ. ಇದನ್ನು ಒಪ್ಪಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಇಡೋದು ಹೇಗೆ?

ಮೊದಲು ಡಬ್ಬಿಯನ್ನು ಒಣ ದಿನ ನೋಡಿ ತೆಗೆಯಿರಿ, ಮಳೆ ಹಿಡಿದ ದಿನ ಬೇಡ. ಕೈ ತೊಳೆದು ಒರೆಸಿಕೊಂಡು, ಕಾಸನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಬೆವರಿನಲ್ಲೂ ಉಪ್ಪಿದೆ, ಕೆಂಪು ಕಾಸಿನ ಮೇಲೆ ಬಿದ್ದ ಬೆರಳಚ್ಚು ಕೆಲವು ದಿನಗಳಲ್ಲಿ ಕಪ್ಪಾಗಿ ಕೂತುಬಿಡುತ್ತದೆ. ಹತ್ತಿಯ ಕೈಗವಸಿದ್ದರೆ ಇನ್ನೂ ಒಳ್ಳೇದು. ಕಾಸನ್ನು ಮುಂದಿಟ್ಟುಕೊಂಡು ಜೋರಾಗಿ ಹರಟಬೇಡಿ, ಎಂಜಲಿನ ಹನಿಯೂ ಮಚ್ಚೆ ಮಾಡುತ್ತದೆ.

ಆಮೇಲೆ ಮೂರು ಗುಂಪು ಮಾಡಿ. ಕೆಂಪು ಉಳಿದಿರುವವು ಒಂದು ಕಡೆ, ಕಂದು ಒಂದು ಕಡೆ, ಹಸಿರು ಹಿಡಿದವು ಬೇರೆ. ಹಸಿರಲ್ಲೂ ಎರಡು ಬಗೆ. ಗಟ್ಟಿಯಾಗಿ, ನುಣುಪಾಗಿ ಕೂತ ಹಸಿರು ಹಳೆಯ ಪದರ, ಭಯವಿಲ್ಲ. ಮುಟ್ಟಿದರೆ ಪುಡಿ ಉದುರುವ ತಿಳಿಹಸಿರು ಮಾತ್ರ ರೋಗ. ಅಂಥದ್ದನ್ನು ಉಳಿದವುಗಳಿಂದ ದೂರವಿಟ್ಟು, ಗೊತ್ತಿರುವ ಸಂಗ್ರಹಕಾರರಿಗೆ ತೋರಿಸಿ. ಮನೆಮದ್ದು ಬೇಡ.

ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿಟ್ಟು ತೆಗೆದು, ಮೆತ್ತನೆ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಆರಿಸಿ. ಉಜ್ಜಬೇಡಿ! ಕೋಲಾರದ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ನಿಮ್ಮ ಕುಕ್ಕರ್ ತಳವೇ ಹೇಳುತ್ತದಲ್ಲ, ಅದು ಕಾಸಿಗೆ ಸಲ್ಲದು.

ಈಗ ಮುಖ್ಯ ವಿಷಯ, ಕವರು. ಫ್ಯಾನ್ಸಿ ಅಂಗಡಿಯ ಮೆತ್ತನೆ ಪ್ಲಾಸ್ಟಿಕ್ ಆಲ್ಬಂ ಬಹಳ ಸಲ ಪಿವಿಸಿ. ಮೂಸಿ ನೋಡಿ, ಹೊಸ ರೆಕ್ಸಿನ್ ಬ್ಯಾಗಿನ ವಾಸನೆ ಬಂದರೆ ಬೇಡವೇ ಬೇಡ. ವರ್ಷಗಳು ಕಳೆದಂತೆ ಪಿವಿಸಿ ಕೆಟ್ಟು ಕಾಸಿಗೆ ಹಸಿರು ಜಿಗುಟು ಹತ್ತಿಸುತ್ತದೆ. ಮೈಲಾರ್ ಕಿಟಕಿಯ ಕಾರ್ಡ್, ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್ ಕವರ್, ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ಇವು ಸುರಕ್ಷಿತ. ಎಲ್ಲಕ್ಕೂ ಕ್ಯಾಪ್ಸೂಲ್ ಕೊಳ್ಳೋಕೆ ದುಡ್ಡು ಸಾಲದಿದ್ದರೆ ಕೆಂಪು ಕಾಸಿಗೆ ಮಾತ್ರ ಕೊಳ್ಳಿ, ಕಂದು ಕಾಸಿಗೆ ಕಾರ್ಡ್ ಸಾಕು. ಒಂದು ಕವರಿಗೆ ಒಂದೇ ಕಾಸು.

ಇವನ್ನೆಲ್ಲ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಕಬ್ಬಿಣದ ಬೀರುವಿನಲ್ಲಿಡಿ. ಮರದ ಪೆಟ್ಟಿಗೆ ನೋಡೋಕೆ ಚೆಂದ, ಆದರೆ ಮರ ಆಮ್ಲದ ಆವಿ ಬಿಡುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆಗಳಲ್ಲಿ ಗಂಧಕ ಇರುತ್ತದೆ, ಕಾಸು ಕಪ್ಪಾಗುತ್ತದೆ. ನ್ಯೂಸ್‌ಪೇಪರ್ ಸುತ್ತುವುದು, ನುಸಿಗುಳಿಗೆ ಹಾಕುವುದು, ಕೊಬ್ಬರಿ ಎಣ್ಣೆ ಸವರುವುದು, ನೇಲ್ ಪಾಲಿಶ್ ಬಳಿಯುವುದು ಯಾವುದೂ ಬೇಡ. ಒಗ್ಗರಣೆಯ ಹೊಗೆಯ ಅಡುಗೆಮನೆ, ಧೂಪ-ಕರ್ಪೂರದ ದೇವರಮನೆ ಎರಡೂ ಜಾಗವಲ್ಲ. ಕೆಜಿಎಫ್‌ನವರಿಗೆ ಇನ್ನೊಂದು ಮಾತು. ನಮ್ಮೂರ ಸೈನೈಡ್ ಗುಡ್ಡಗಳಲ್ಲಿ 3 ಕೋಟಿ ಟನ್‌ಗೂ ಹೆಚ್ಚು ಗಣಿಪುಡಿ ಬಿದ್ದಿದೆ. ಗಾಳಿಕಾಲದಲ್ಲಿ ಕಿಟಕಿ ಮುಚ್ಚಿದರೂ ಆ ಧೂಳು ಒಳಬರುವುದು ನಿಮಗೆ ಗೊತ್ತೇ ಇದೆ. ಧೂಳು ತೇವ ಹಿಡಿಯುತ್ತದೆ, ತೇವ ತಾಮ್ರ ತಿನ್ನುತ್ತದೆ. ತೆರೆದ ಷೋಕೇಸಿನಲ್ಲಿ ಕಾಸು ಜೋಡಿಸುವ ಆಸೆ ಬಿಡಿ.

ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದಲ್ಲಿ ಹಳೇ ಕಾಸೇ ಇರಬೇಕು ಅನ್ನುವ ಮನೆಗಳಿವೆ. ಅರಿಶಿನ, ಕುಂಕುಮ, ನೀರು ಸೇರಿದರೆ ಕಾಸಿನ ಗತಿಯೇನು? ಕಲಶಕ್ಕೆ ಈಗಿನ ರೂಪಾಯಿ ನಾಣ್ಯ ಹಾಕಿ, ಅಜ್ಜಿಯ ಕಾಸನ್ನು ಕವರಿನೊಳಗೇ ಪಕ್ಕದಲ್ಲಿಟ್ಟು ಅಕ್ಷತೆ ಹಾಕಿ. ಲಕ್ಷ್ಮಿಗೆ ಭಕ್ತಿ ಮುಖ್ಯ, ಬೇಸರವೇನೂ ಆಗೋಲ್ಲ.

ಲಕ್ಷದ ಆಸೆ ಬೇಡ

"ಹಳೇ ಪೈಸೆ ಇದೆಯಾ? ಲಕ್ಷ ಕೊಡ್ತೀವಿ" ಅಂತ ಮೊಬೈಲಿಗೆ ಬರುವ ಜಾಹೀರಾತು ನಂಬಿ ಮೊದಲು ಫೀಸು, ಕಮಿಷನ್ ಅಂತ ಕಟ್ಟಿಬಿಟ್ಟೀರಿ, ಹುಷಾರ್. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ರಾಮ-ಸೀತೆಯರ ಚಿತ್ರವಿರುವ, 1818 ಅಂತ ಬರೆದ 'ಅರ್ಧ ಆಣೆ' ಈಸ್ಟ್ ಇಂಡಿಯಾ ಕಂಪನಿಯ ನಾಣ್ಯವೇ ಅಲ್ಲ. ಅಕ್ಕಿ ಎಳೆಯುವ ತಾಮ್ರ ಅನ್ನುವ 'ರೈಸ್ ಪುಲ್ಲಿಂಗ್' ಅಂತೂ ಶುದ್ಧ ವಂಚನೆ. ಜಾರ್ಜ್ ದೊರೆಯ ಕಾಸುಗಳನ್ನು ಕೋಟಿಗಟ್ಟಲೆ ಹೊಡೆದಿದ್ದಾರೆ, ಸವೆದ ಒಂದು ಕಾಸು ಸಾಮಾನ್ಯವಾಗಿ ನಿಮ್ಮನ್ನು ಶ್ರೀಮಂತರನ್ನಾಗಿ ಮಾಡುವುದಿಲ್ಲ. ಇನ್ನು ಹಿತ್ತಲಲ್ಲಿ ಅಗೆಯುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಮ್ಮದಲ್ಲ, ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು.

ಹಾಗಿದ್ದ ಮೇಲೆ ಇಷ್ಟೆಲ್ಲ ಯಾಕೆ ಅಂತೀರಾ? ನನ್ನ ಅಭಿಪ್ರಾಯ ಕೇಳಿದರೆ, ಕಾಸಿನ ಬೆಲೆ ಅದರ ಬಣ್ಣಕ್ಕಿಂತ ಅದರ ಮಾತಿನಲ್ಲಿದೆ. ಆ ಕಂದು, ಆ ಸವಕಲು ಅಜ್ಜಿಯ ಬೆರಳಿನದ್ದು, ಸಂತೆಯದ್ದು, ಗಣಿ ಸಂಬಳದ್ದು. ಉಜ್ಜಿದರೆ ಅದೂ ತೊಳೆದುಹೋಗುತ್ತದೆ. ಆದ್ದರಿಂದ ಕವರಿನ ಜೊತೆ ಒಂದು ಚೀಟಿ ಬರೆದಿಡಿ. ಯಾರದ್ದು, ಯಾವ ಲೈನ್ ಮನೆಯದ್ದು, ಅವರು ಯಾವ ಗಣಿಯಲ್ಲಿದ್ದರು, ಯಾರ ಕೈಯಿಂದ ನಿಮಗೆ ಬಂತು. ಅತ್ತೆ ಇನ್ನೂ ಇದ್ದರೆ ಈ ವಾರವೇ ಕೂತು ಕೇಳಿ ಬರೆದುಕೊಳ್ಳಿ, ಮುಂದಕ್ಕೆ ಹಾಕಬೇಡಿ. ಸಿಲಿಕಾ ಜೆಲ್ ಮುಗಿದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಅತ್ತೆಯ ನೆನಪು ಸಿಗುತ್ತದೆಯೇ?