ಜರ್ಮನ್ ಕಲಿಯಲು ಇಂಗ್ಲಿಷಿನ ಊರುಗೋಲೇಕೆ?

ಪುಣೆಯ ಕನ್ನಡ ಮನೆಗಳಲ್ಲಿ ಜರ್ಮನ್ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ನನ್ನ ಮಗಳೂ ಅವರಲ್ಲಿ ಒಬ್ಬಳು. ಕಳೆದ ತಿಂಗಳು ಅವಳ ಪಾಠ ಸಂಬಂಧಸೂಚಕ ಸರ್ವನಾಮಗಳಿಗೆ ಬಂದು ನಿಂತಿತು. ಡೇರ್, ಡೇನ್, ಡೇಮ್, ಡೆಸೆನ್ ಎಂಬ ಪಟ್ಟಿಯನ್ನು ಮಗ್ಗಿಯಂತೆ ಉರುಹೊಡೆಯುತ್ತಿದ್ದಳು. ಹೆಚ್ಚಿನವುಗಳ ಎದುರಿಗೆ ಅರ್ಥವೆಂದು ಬರೆದಿದ್ದುದು ಇಂಗ್ಲಿಷಿನ 'ಹೂ' ಅಥವಾ 'ದಟ್'. "ಅರ್ಥ ಒಂದೇ ಆದರೆ ರೂಪಗಳು ಇಷ್ಟೇಕೆ?" ಎಂದು ಕೇಳಿದಳು.

ಪ್ರಶ್ನೆ ನ್ಯಾಯವಾದದ್ದು. ತಪ್ಪು ಜರ್ಮನ್ನಿನದಲ್ಲ, ಮಗುವಿನದೂ ಅಲ್ಲ. ಜಗತ್ತಿನ ಯಾವ ಭಾಷೆಯನ್ನಾದರೂ ಇಂಗ್ಲಿಷಿನ ಬಾಗಿಲಿನಿಂದಲೇ ಪ್ರವೇಶಿಸಬೇಕೆಂಬ ನಮ್ಮ ಮೂಢನಂಬಿಕೆಯದು. ಇಂಗ್ಲಿಷಿನಲ್ಲಿಯೇ ಎಂ.ಎ. ಮಾಡಿದವನ ಈ ಮಾತನ್ನು ಭಾಷಾದ್ವೇಷವೆಂದು ಯಾರೂ ತಳ್ಳಿಹಾಕಲಾರರೆಂದು ನಂಬಿದ್ದೇನೆ.

ಜರ್ಮನ್ನಿನ ನಿಯಮ ಸರಳವಾದದ್ದು. ಈ ಸರ್ವನಾಮವು ಲಿಂಗವಚನಗಳನ್ನು ತಾನು ಸೂಚಿಸುವ ನಾಮಪದದಿಂದ ಪಡೆಯುತ್ತದೆ; ವಿಭಕ್ತಿಯನ್ನು ಮಾತ್ರ ಉಪವಾಕ್ಯದಲ್ಲಿ ತಾನು ಮಾಡುವ ಕೆಲಸಕ್ಕೆ ತಕ್ಕಂತೆ ತಾಳುತ್ತದೆ. 'ಡೇರ್ ಮಾನ್', ಅಂದರೆ 'ಆ ಮನುಷ್ಯ', ಎಂಬುದರ ಮುಂದೆ 'ಡೇರ್ ಹೀರ್ ವೋನ್ಟ್' ಬಂದರೆ 'ಯಾವನು ಇಲ್ಲಿ ವಾಸಿಸುತ್ತಾನೋ'; 'ಡೇನ್ ಇಶ್ ಝೇಎ' ಬಂದರೆ 'ಯಾವನನ್ನು ನಾನು ನೋಡುತ್ತೇನೋ'; 'ಡೇಮ್ ಇಶ್ ಹೆಲ್ಫೆ' ಬಂದರೆ 'ಯಾವನಿಗೆ ನಾನು ನೆರವಾಗುತ್ತೇನೋ'; 'ಡೆಸೆನ್ ಝೋನ್ ಕ್ರಾಂಕ್ ಇಸ್ಟ್' ಬಂದರೆ 'ಯಾವನ ಮಗ ಕಾಯಿಲೆಯಲ್ಲಿದ್ದಾನೋ'. ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ: ನಾಲ್ಕಕ್ಕೆ ನಾಲ್ಕೂ ಸರಿಹೊಂದುತ್ತವೆ. 'ನೆರವಾಗು' ಎಂಬ ಕ್ರಿಯೆಗೆ ಚತುರ್ಥಿಯೇ ಬೇಕೆಂಬುದನ್ನು ಇಂಗ್ಲಿಷು ಮರೆಮಾಚುತ್ತದೆ; ಕನ್ನಡದ ಮಗುವಿಗೆ ಅದನ್ನು ಯಾರೂ ಕಲಿಸಬೇಕಾಗಿಯೇ ಇಲ್ಲ.

ಇನ್ನು ಕ್ರಿಯಾಪದದ ಮಾತು. ಉಪವಾಕ್ಯದಲ್ಲಿ ಅದು ಕೊನೆಗೆ ಹೋಗುತ್ತದೆ. ಮಾರ್ಕ್ ಟ್ವೇನ್ 1880ರಲ್ಲಿಯೇ ಇದನ್ನು ಗೇಲಿ ಮಾಡಿದ. ಅವನ ಗೇಲಿ ಅವನ ಭಾಷೆಗೆ ಸಹಜ. ಹುಟ್ಟಿದಂದಿನಿಂದ ಕ್ರಿಯಾಪದವನ್ನು ಕೊನೆಯಲ್ಲಿಟ್ಟೇ ಮಾತನಾಡಿದ ನಾವು ಅದೇ ಗೇಲಿಯನ್ನು ಎರವಲು ತಂದು ನಗುವುದು ಮಾತ್ರ ಹಾಸ್ಯಾಸ್ಪದ.

'ಯಾವನು... ಅವನು' ಎಂಬ ರಚನೆ ಕನ್ನಡದ ಜಾಯಮಾನವಲ್ಲ, 'ಇಲ್ಲಿ ವಾಸಿಸುವ ಮನುಷ್ಯ' ಎನ್ನುವುದೇ ನಮ್ಮ ರೂಢಿ ಎಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ. 'ನಾನು ನೆರವಾದ ಮನುಷ್ಯ' ಎಂಬಲ್ಲಿ 'ಗೆ' ಕಾಣೆಯಾಗುತ್ತದೆ. ಜರ್ಮನ್ ಕಲಿಯುವವರು ಅದನ್ನು ಬಿಡಿಸಿ ನೋಡಬೇಕು. ಆದರೆ ನಮ್ಮ ಆ ರೂಢಿಗೂ ಅಲ್ಲಿ ನೆಂಟರಿದ್ದಾರೆ: 'ಡೇರ್ ಫಾನ್ ಮೀರ್ ಗೆಶ್ರೀಬೆನೆ ಬ್ರೀಫ್' ಎಂದರೆ ಪದಕ್ಕೆ ಪದವಾಗಿ 'ನನ್ನಿಂದ ಬರೆಯಲ್ಪಟ್ಟ ಪತ್ರ'. ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ ನೆರವಿಗೆ ಬಾರದು. 'ಹುಡುಗಿ' ಎಂಬರ್ಥದ 'ಮೆಡ್ಶೆನ್' ಅಲ್ಲಿ ನಪುಂಸಕ. ಅದನ್ನು ಬಾಯಿಪಾಠ ಮಾಡಲೇಬೇಕು.

ಈ ದಾರಿಯಲ್ಲಿ ಎದುರುಗಡೆಯಿಂದ ನಡೆದು ಬಂದವರುಂಟು. ಜರ್ಮನಿಯ ಫರ್ಡಿನೆಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಮಂಗಳೂರಿನಲ್ಲಿ ಪ್ರಕಟಿಸಿದರು. 1894ರಲ್ಲಿ ನಿಘಂಟು, 1903ರಲ್ಲಿ ವ್ಯಾಕರಣ ಹೊರಬಂದವು. ಕನ್ನಡವನ್ನು ಕನ್ನಡದ ವೈಯಾಕರಣನಿಂದಲೇ ಅರಿಯಬೇಕೆಂಬ ವಿವೇಕ ಅವರಿಗಿತ್ತು. ಅವರ ಭಾಷೆಯತ್ತ ಹೊರಟ ನಮಗೆ ನಮ್ಮ ವ್ಯಾಕರಣವೇ ನೆನಪಾಗುವುದಿಲ್ಲ!

ಹೊರನಾಡಿನ ನಾವು ಕನ್ನಡವನ್ನು ಅಡುಗೆಮನೆಗೂ ರಾಜ್ಯೋತ್ಸವದ ವೇದಿಕೆಗೂ ಮೀಸಲಿಟ್ಟಿದ್ದೇವೆ. ಅದರಿಂದ ಯೋಚಿಸಬಹುದು, ಮತ್ತೊಂದು ಭಾಷೆಯನ್ನು ಅಳೆಯಬಹುದು ಎಂಬುದನ್ನು ಮಕ್ಕಳಿಗೆ ತೋರಿಸಿಯೇ ಇಲ್ಲ. ಆಮೇಲೆ, ಅವರಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲವೆಂದು ಕೊರಗುತ್ತೇವೆ. ಉಪಯೋಗಕ್ಕೆ ಬಾರದ ಪಾತ್ರೆಯನ್ನು ಯಾರು ಬೆಳಗಿಟ್ಟುಕೊಳ್ಳುತ್ತಾರೆ?

ಆ ಸಂಜೆ ನಾವಿಬ್ಬರೂ ಪಟ್ಟಿಯಲ್ಲಿದ್ದ ಇಂಗ್ಲಿಷ್ ಸಾಲನ್ನು ಅಳಿಸಿ ಅಲ್ಲಿ ಉ, ಅನ್ನು, ಗೆ, ಅ ಎಂದು ಬರೆದೆವು. "ಇದು ನನಗೆ ಮೊದಲೇ ಗೊತ್ತಿತ್ತಲ್ಲ!" ಎಂದಳು ಮಗಳು. ಹೌದು, ಗೊತ್ತಿತ್ತು. ಗೊತ್ತಿದೆ ಎಂದು ಅವಳಿಗೆ ಹೇಳುವವರಿರಲಿಲ್ಲ, ಅಷ್ಟೆ.