ಗಂಟಲಿನಲ್ಲಿ ಶುರುವಾಗುವ ಹೃದಯರೋಗ

ಹೃದಯದ ಕಾಯಿಲೆ ಎಂದರೆ ಮುಂಬಯಿಯ ನಮ್ಮವರಿಗೆ ನೆನಪಾಗುವುದು ಬ್ಲಾಕೇಜ್, ಸ್ಟೆಂಟ್, ಬೈಪಾಸ್. ಕವಾಟಗಳ ಮಾತು ಬರುವುದು ಕಡಿಮೆ. ಆದರೆ ಮಾಟುಂಗದಲ್ಲಿ ರೋಗಿಗಳನ್ನು ನೋಡುವ ನನಗೆ ಹೆಚ್ಚು ಬೇಸರವಾಗುವುದು ಕವಾಟ ಕೆಟ್ಟವರನ್ನು ಕಂಡಾಗಲೇ. ಏಕೆಂದರೆ ಅವರಲ್ಲಿ ಅನೇಕರಿಗೆ ಈ ರೋಗ ಬಾರದಂತೆ ತಡೆಯಬಹುದಿತ್ತು.

ಕವಾಟಗಳು ಹೃದಯದ ಬಾಗಿಲುಗಳು. ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬಾರದಂತೆ ಮುಚ್ಚಿಕೊಳ್ಳುತ್ತವೆ. ವಯಸ್ಸಾದವರಲ್ಲಿ ಮಹಾಪಧಮನಿಯ ಕವಾಟದ ಮೇಲೆ ಸುಣ್ಣ ಕಟ್ಟಿ ಅದು ಬಿಗಿಯಾಗುವುದುಂಟು. ಹರೆಯದವರಲ್ಲಿ ನಮ್ಮ ದೇಶದ ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಇದು ಹೆಚ್ಚಾಗಿ ಬರುವುದು 5ರಿಂದ 15 ವರ್ಷದ ಮಕ್ಕಳಿಗೆ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ, ತಾನಾಗಿಯೇ ಹೋಗುತ್ತದೆ. ಎರಡು ಮೂರು ವಾರಗಳ ನಂತರ ಜ್ವರ, ಮೊಣಕಾಲಿನಿಂದ ಹರಡಿಗೆ, ಅಲ್ಲಿಂದ ಮೊಣಕೈಗೆ ಹಾರುವ ಊತ. ಬ್ಯಾಕ್ಟೀರಿಯಾದ ವಿರುದ್ಧ ದೇಹ ಹೂಡಿದ ಯುದ್ಧ ತನ್ನದೇ ಕವಾಟಗಳ ಮೇಲೆ ತಿರುಗಿರುತ್ತದೆ. ಕೀಲಿನ ಊತ ಇಳಿಯುತ್ತದೆ, ಕವಾಟದ ಗಾಯ ಉಳಿಯುತ್ತದೆ.

ಇಕ್ಕಟ್ಟಿನಲ್ಲಿ ಬದುಕುವವರಲ್ಲಿ ಈ ಸೋಂಕು ಬೇಗ ಹರಡುತ್ತದೆ. ಊರಿನಿಂದ ಬಂದು ಹೋಟೆಲಿನ ಅಟ್ಟದಲ್ಲಿ ಸಾಲಾಗಿ ಮಲಗುತ್ತಿದ್ದ ಹುಡುಗರ ಕಾಲ ನಮ್ಮ ಹಿರಿಯರಿಗೆ ಗೊತ್ತು. ಪಕ್ಕದ ಧಾರಾವಿಯ ಒಂದೇ ಕೋಣೆಯ ಮನೆಗಳಲ್ಲಿ ಆ ಇಕ್ಕಟ್ಟು ಇಂದಿಗೂ ಇದೆ.

ಪರಿಣಾಮ ಕಾಣುವುದು ವರ್ಷಗಳ ಮೇಲೆ. ಸುಮಾರು 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದ ಮೈಟ್ರಲ್ ಕವಾಟ ದಪ್ಪವಾಗಿ, ಅಂಚುಗಳು ಅಂಟಿಕೊಂಡು, ಒಂದು ಒಂದೂವರೆಗೆ ಇಳಿಯುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ತಿಳಿಯುವುದೇ ಗರ್ಭಿಣಿಯಾದಾಗ. ಮೈಯಲ್ಲಿ ರಕ್ತದ ಪ್ರಮಾಣ ಏರುತ್ತದೆ, ಕಿರಿದಾದ ಬಾಗಿಲು ಅದನ್ನು ತಾಳದು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಬಸುರಿಗೆ ಏದುಸಿರು ಸಹಜ ಎಂದು ಮನೆಯವರು ಸುಮ್ಮನಿರುತ್ತಾರೆ. ಇನ್ನು ಕೆಲವರಲ್ಲಿ ಹೃದಯದ ಬಡಿತ ಲಯ ತಪ್ಪಿ, ಒಳಗೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋಗಿ ಪಾರ್ಶ್ವವಾಯು ಬಡಿಯುತ್ತದೆ. ಕೆಟ್ಟ ಕವಾಟಕ್ಕೆ ಸೋಂಕು ತಗಲುವ ಭಯವೂ ಇದೆ. ಅದಕ್ಕೇ ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಹೃದಯದ ವಿಷಯ ಹೇಳಲೇಬೇಕು.

ಚಿಕಿತ್ಸೆ ಇದೆ. ಎಕೋ ಪರೀಕ್ಷೆಯಲ್ಲಿ ಕವಾಟದ ಸ್ಥಿತಿ ಕಾಣುತ್ತದೆ. ಅಂಟಿದ ಕವಾಟವನ್ನು ಹಲವರಲ್ಲಿ ಬಲೂನಿನಿಂದಲೇ ಬಿಡಿಸಬಹುದು. ಪೂರ್ತಿ ಕೆಟ್ಟಿದ್ದರೆ ಬದಲಿಸಬೇಕು. ಮುಂದೆ ಮಣಿಪಾಲದ ಕುಲಪತಿಯಾದ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ರೂಪಿಸಿದ ದೇಶೀ ಕವಾಟ 1990ರಿಂದ ರೋಗಿಗಳ ಎದೆಯಲ್ಲಿ ಕೆಲಸ ಮಾಡುತ್ತಿದೆ.

ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು, ಐಎನ್‌ಆರ್ ಪರೀಕ್ಷೆ ತಪ್ಪಿಸಬಾರದು. ಇಲ್ಲೊಂದು ನಮ್ಮೂರಿನ ಸಮಸ್ಯೆ: ಮಾಟುಂಗ ಮಾರ್ಕೆಟ್ಟಿನ ಹರಿವೆ, ಬಸಳೆ, ನುಗ್ಗೆಸೊಪ್ಪು. ಸೊಪ್ಪಿನಲ್ಲಿರುವ ಕೆ ವಿಟಮಿನ್ ಆ ಮಾತ್ರೆಯ ಬಲ ಕುಗ್ಗಿಸುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ. ವಾರ ವಾರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು. ಒಂದು ವಾರ ದಿನವೂ ಬಸಳೆ, ಮುಂದಿನ ವಾರ ಏನೂ ಇಲ್ಲ ಎಂದಾಗ ಲೆಕ್ಕ ತಪ್ಪುತ್ತದೆ. ಗರ್ಭ ಧರಿಸುವ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಿ, ಮಾತ್ರೆ ಬದಲಿಸಬೇಕಾಗಬಹುದು.

ಇಷ್ಟೆಲ್ಲವನ್ನು ತಡೆಯುವುದು ಪೆನ್ಸಿಲಿನ್. ಗಂಟಲು ನೋವಿಗೆ ವೈದ್ಯರು ಹೇಳಿದಷ್ಟು ದಿನ ಔಷಧಿ ಮುಗಿಸಿ. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಇಂಜೆಕ್ಷನ್, ಅದೂ ವರ್ಷಗಟ್ಟಲೆ. ಚೆನ್ನಾಗಿಯೇ ಇದ್ದಾನಲ್ಲ, ಇನ್ನೇಕೆ ಚುಚ್ಚಿಸುವುದು ಎಂದು ಕೇಳುವ ಪೋಷಕರಿಗೆ ನನ್ನ ಉತ್ತರ ಒಂದೇ: ಚೆನ್ನಾಗಿರುವುದು ಅದರಿಂದಲೇ. ಮನೆಯಲ್ಲಿ ಯಾರಿಗಾದರೂ ಬಾಲ್ಯದಲ್ಲಿ ಕೀಲು ಊದಿ ಜ್ವರ ಬಂದಿದ್ದರೆ, ಅದನ್ನು ವಾಯು ಎಂದು ಮರೆತಿದ್ದರೆ, ಒಮ್ಮೆ ಎಕೋ ಮಾಡಿಸಿ. ಪರೇಲಿನ ಕೆಇಎಂ, ಸಾಯನ್‌ನ ಲೋಕಮಾನ್ಯ ತಿಲಕ್ ಎರಡೂ ನಮಗೆ ಹತ್ತಿರದ ಪಾಲಿಕೆ ಆಸ್ಪತ್ರೆಗಳು.