ಬೆರಳು ಮೂರನೇ ಸಾಲಿನಲ್ಲಿ, ಬಾಯಿ ಐದನೇ ಸಾಲಿನಲ್ಲಿ

ವಿಜಯಪುರ ಜಿಲ್ಲೆಯ ತಾಂಡಾವೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ನಾಲ್ಕನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕನ್ನಡ ಪಾಠವೊಂದನ್ನು ಗಡಗಡನೆ ಓದಿದ. ಎಲ್ಲಿಯೂ ತಡವರಿಸಲಿಲ್ಲ. ಜತೆಗಿದ್ದ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹೆಮ್ಮೆಯಿಂದ ನನ್ನತ್ತ ನೋಡಿದರು. ನಾನು ನೋಡುತ್ತಿದ್ದುದು ಹುಡುಗನ ಬೆರಳನ್ನು. ಬೆರಳು ಮೂರನೇ ಸಾಲಿನಲ್ಲಿತ್ತು, ಬಾಯಿ ಐದನೇ ಸಾಲಿಗೆ ಹೋಗಿತ್ತು. ಪುಟ ಮಗುಚಿ, ಇನ್ನೂ ಪಾಠವಾಗದ ಹಾಳೆಯೊಂದನ್ನು ತೆಗೆದು ‘ಇದನ್ನ ಓದಪ್ಪ’ ಎಂದೆ. ಚಿತ್ರ ನೋಡಿದ, ಹೆಡ್‌ಮಾಸ್ತರರ ಮುಖ ನೋಡಿದ, ಸುಮ್ಮನಾದ.

ಹುಡುಗನದೇನೂ ಮೋಸವಲ್ಲ. ಓದುವುದೆಂದರೆ ಪುಸ್ತಕ ಎದುರಿಗಿಟ್ಟುಕೊಂಡು ಬಾಯಿಪಾಠ ಒಪ್ಪಿಸುವುದು ಎಂದೇ ಅವನು ತಿಳಿದಿದ್ದ. ಮನೆಯಲ್ಲಿ ಆಡುವುದು ಲಂಬಾಣಿ. ಒಂದನೇ ತರಗತಿಗೆ ಬರುವ ತನಕ ಕನ್ನಡ ಅವನ ಕಿವಿಗೆ ಬಿದ್ದದ್ದು ಸಂತೆಯಲ್ಲಿ, ಬಸ್ಸಿನಲ್ಲಿ, ಟಿ.ವಿ.ಯಲ್ಲಿ. ಸಾಲದ್ದಕ್ಕೆ, ದೀಪಾವಳಿ ಮುಗಿಯುತ್ತಲೇ ಅಪ್ಪ–ಅವ್ವನ ಜತೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹೋದವನು ತಿರುಗಿ ಬರುವುದು ಸಂಕ್ರಾಂತಿ ಕಳೆದ ಎಷ್ಟೋ ದಿನಕ್ಕೆ. ಶಾಲೆಯ ಕಡತದಲ್ಲಿ ಇದರ ಸುಳಿವೇ ಇಲ್ಲ. ಅಲ್ಲಿ ಎಲ್ಲವೂ ಅಚ್ಚುಕಟ್ಟು: ದಾಖಲಾತಿ, ಬಿಸಿಯೂಟದ ಅಕ್ಕಿ–ಬೇಳೆಯ ಲೆಕ್ಕ, ಹಾಲಿನ ಪುಡಿಯ ಪ್ಯಾಕೆಟ್ಟು, ಶೌಚಾಲಯ, ಗ್ರಂಥಾಲಯದ ಪುಸ್ತಕಗಳ ಸಂಖ್ಯೆ. ಪುಸ್ತಕಗಳೇನೋ ಬೀರುವಿನಲ್ಲಿದ್ದವು, ಬೀರುವಿಗೆ ಬೀಗ. ಒಂದು ಕಳೆದರೂ ತಮ್ಮ ತಲೆಗೆ ಬರುತ್ತದೆಂಬ ಭಯ ಹೆಡ್‌ಮಾಸ್ತರರದು. ಆ ಭಯ ಸುಳ್ಳೂ ಅಲ್ಲ.

ಸರ್ಕಾರಿ ಶಾಲೆಯ ಗುಣಮಟ್ಟ ಅಳೆಯಲು ನಮ್ಮಲ್ಲಿ ಅಳತೆಗೋಲುಗಳಿಗೆ ಬರವಿಲ್ಲ. ಶಾಲೆಗಳ ಅಂಕಿ–ಅಂಶಕ್ಕೆ ಯು–ಡೈಸ್ ಇದೆ, ಮಕ್ಕಳ ದಾಖಲೆಗೆ ಸ್ಯಾಟ್ಸ್ ಇದೆ. 2015ರಲ್ಲಿ ಬಂದ ‘ಶಾಲಾ ಸಿದ್ಧಿ’ ಏಳು ಕ್ಷೇತ್ರಗಳ 46 ಮಾನದಂಡಗಳಲ್ಲಿ ಶಾಲೆಯೇ ತನಗೆ ತಾನು ಅಂಕ ಕೊಟ್ಟುಕೊಳ್ಳಲಿ ಎನ್ನುತ್ತದೆ. ಗುಣಮಟ್ಟದ ಮೌಲ್ಯಾಂಕನಕ್ಕೆಂದೇ ರಾಜ್ಯದಲ್ಲಿ ಪ್ರತ್ಯೇಕ ಪರಿಷತ್ತು ಉಂಟು. ರಾಜ್ಯಗಳನ್ನೇ ಸಾಲಾಗಿ ನಿಲ್ಲಿಸಿ ಅಂಕ ಕೊಡಲು ಕೇಂದ್ರ ಶಿಕ್ಷಣ ಸಚಿವಾಲಯದ ಪಿಜಿಐ ಸೂಚ್ಯಂಕವೂ ಇದೆ. 2017–18ರ ಸಾಲಿನಿಂದ ಶುರುವಾದ ಅದರ ಮೊದಲ ಆವೃತ್ತಿಯಲ್ಲಿ 70 ಸೂಚಕಗಳು, ಒಟ್ಟು 1000 ಅಂಕ. ಅದರಲ್ಲಿ ಮಕ್ಕಳು ಕಲಿತದ್ದಕ್ಕೆ 180, ಆಡಳಿತ ಪ್ರಕ್ರಿಯೆಗೆ 360. ಮಗು ಓದಿದ್ದಕ್ಕೆ ಸಿಗುವುದರ ಎರಡರಷ್ಟು ಅಂಕ, ಮಗುವಿನ ಬಗ್ಗೆ ಇಲಾಖೆ ಮಾಡುವ ಕೆಲಸಕ್ಕೆ! ಆಮೇಲಿನ ಆವೃತ್ತಿಯಲ್ಲಿ ಅಂಕಗಳ ಹಂಚಿಕೆಯನ್ನು ತಿದ್ದಿದ್ದಾರೆ, ನಿಜ. ಆದರೆ ಮೊದಲು ಕೈ ಎತ್ತ ಹೋಯಿತು ಎನ್ನುವುದೇ ಮನಸ್ಸು ಎಲ್ಲಿತ್ತೆಂದು ಹೇಳುತ್ತದೆ.

ಕಟ್ಟಡ, ಶೌಚಾಲಯ, ಊಟ ಮುಖ್ಯವಲ್ಲ ಎನ್ನುತ್ತಿಲ್ಲ. 2002ರಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದಾಗ ಹಾಜರಿ ಪುಸ್ತಕ ಹೇಗೆ ತುಂಬಿತು ಎಂಬುದನ್ನು ಆಗಿನ ಮೇಷ್ಟ್ರುಗಳನ್ನು ಕೇಳಬೇಕು. ಬಾಗಿಲಿಲ್ಲದ ಶೌಚಾಲಯ ಆರನೇ ತರಗತಿಯ ಹುಡುಗಿಯನ್ನು ಮನೆಯಲ್ಲಿ ಕೂರಿಸುತ್ತದೆ. ಇವೆಲ್ಲ ಇರಲೇಬೇಕು. ಆದರೆ ಇವು ಶಾಲೆಗೆ ಬೇಕಾದ ಸರಂಜಾಮು. ಒಲೆ, ಪಾತ್ರೆ, ಅಕ್ಕಿ ಎಲ್ಲ ಇದೆ ಎಂದು ಬರೆದುಕೊಂಡು ಹೋದವರು ಅನ್ನ ಬೆಂದಿದೆಯೇ ಎಂದು ನೋಡಿದಂತಾಗಲಿಲ್ಲ. ನಮ್ಮ ಸಾರ್ವಜನಿಕ ಚರ್ಚೆಯೂ ಹಾಗೇ. 2022ರ ನವೆಂಬರ್‌ನಲ್ಲಿ ಸರ್ಕಾರಿ ಶಾಲೆಗಳ ಹೊಸ ‘ವಿವೇಕ’ ಕೊಠಡಿಗಳ ಗೋಡೆಗೆ ಯಾವ ಬಣ್ಣ ಎಂದು ರಾಜ್ಯವೆಲ್ಲ ಕಾದಾಡಿತು. ಆ ಗೋಡೆಗಳೊಳಗೆ ಏನಾಗುತ್ತದೆ ಎಂಬುದಕ್ಕೆ ಅದರ ಕಾಲು ಭಾಗ ಗದ್ದಲವೂ ಆದದ್ದು ನನಗೆ ನೆನಪಿಲ್ಲ.

ಹಾಗಿದ್ದರೆ ಪರೀಕ್ಷೆ ಇಡಿ ಎನ್ನುವವರಿದ್ದಾರೆ. ಹೊಸ ಮಾತೇನಲ್ಲ. 1862ರಲ್ಲಿ ಇಂಗ್ಲೆಂಡಿನ ಸರ್ಕಾರ, ಇನ್‌ಸ್ಪೆಕ್ಟರ್ ಬಂದು ಮಗುವನ್ನು ಓದು, ಬರಹ, ಲೆಕ್ಕದಲ್ಲಿ ಪರೀಕ್ಷಿಸಬೇಕು, ಪಾಸಾದ ಮಗುವಿನ ಲೆಕ್ಕದಲ್ಲಿ ಶಾಲೆಗೆ ಅನುದಾನ ಎಂದು ನಿಯಮ ಮಾಡಿತು. ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿದರು. ಪದ್ಧತಿಯನ್ನು ಕಟುವಾಗಿ ಟೀಕಿಸಿದವರಲ್ಲಿ ಕವಿ ಮ್ಯಾಥ್ಯೂ ಆರ್ನಲ್ಡ್ ಒಬ್ಬ. ಅವನ ಹೊಟ್ಟೆಪಾಡಿನ ನೌಕರಿಯೂ ಶಾಲಾ ಇನ್‌ಸ್ಪೆಕ್ಟರನದೇ. ಫಲಿತಾಂಶ ನೋಡಿ ಅನುದಾನ ಕೊಡುವ ಈ ಚಾಳಿ ಮುಂಬೈ, ಮದ್ರಾಸ್ ಪ್ರಾಂತಗಳಿಗೂ ಬಂತು. ಅದೇ ಕಾಲದ ಮುಂಬೈ ಪ್ರಾಂತದಲ್ಲಿ, ಧಾರವಾಡದ ಕಡೆ, ಶಿಕ್ಷಣ ಇಲಾಖೆಯ ಹುದ್ದೆಯೇ ಹೆಸರಾಗಿಹೋದ ಡೆಪ್ಯುಟಿ ಚನ್ನಬಸಪ್ಪನವರಿದ್ದರು. ಅವರನ್ನು ಜನ ಇವತ್ತಿಗೂ ನೆನೆಯುವುದು ಕನ್ನಡ ಶಾಲೆ ತೆರೆಸಿದ್ದಕ್ಕೆ, ಎಷ್ಟು ಮಕ್ಕಳನ್ನು ಪಾಸು ಮಾಡಿದರೆಂದಲ್ಲ. ತಾಂಡಾದ ಹುಡುಗನ ಬೆರಳು ಮೂರನೇ ಸಾಲಿನಲ್ಲೇ ನಿಂತದ್ದನ್ನು ಕಂಡಾಗ ನೂರೈವತ್ತು ವರ್ಷ ಹಿಂದಿನ ಆ ಮಕ್ಕಳು ನೆನಪಾದರು.

ನಮ್ಮಲ್ಲೂ 5, 8, 9ನೇ ತರಗತಿಗಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ಬೇಕೋ ಬೇಡವೋ ಎಂಬ ವ್ಯಾಜ್ಯ ಹೈಕೋರ್ಟಿನ ಏಕಸದಸ್ಯ ಪೀಠದಿಂದ ವಿಭಾಗೀಯ ಪೀಠಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಓಡಾಡಿತು. ಮಕ್ಕಳು ಬರೆದಾದ ಮೇಲೆ, 2024ರ ಏಪ್ರಿಲ್‌ನಲ್ಲಿ, ಫಲಿತಾಂಶಕ್ಕೆ ತಡೆ ಬಿತ್ತು. ಪ್ರಶ್ನೆಪತ್ರಿಕೆ ಯಾರು ತಯಾರಿಸಬೇಕು ಎಂಬ ವಾದ ಬೆಟ್ಟದಷ್ಟಾಯಿತು. ಒಂದನೇ ತರಗತಿಯಲ್ಲಿ ಎಡವಿದ ಮಗುವಿನ ಸುದ್ದಿ ಐದನೇ ತರಗತಿಯ ಕೊನೆಗೆ ತಿಳಿದು ಯಾರಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಮೂಲೆಗೆ ಸರಿಯಿತು. ಎಸ್‌ಎಸ್‌ಎಲ್‌ಸಿಯ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. 2023ರಲ್ಲಿ ಶೇ 83.89 ಇದ್ದ ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ ಕ್ಯಾಮೆರಾ ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಧಾರಾಳವಾಗಿ ಸುರಿದ ಮೇಲೆ. ಒಂದೇ ವರ್ಷದಲ್ಲಿ ಶಾಲೆಗಳೇನೂ ಕೆಡಲಿಲ್ಲ. ಅಲ್ಲಿಯ ತನಕ ನಾವು ಗುಣಮಟ್ಟ ಎಂದು ಹೇಳಿಕೊಳ್ಳುತ್ತಿದ್ದುದರಲ್ಲಿ ಒಂದು ಪಾಲು ಕ್ಯಾಮೆರಾ ಇಲ್ಲದಿರುವಿಕೆಯಾಗಿತ್ತು, ಅಷ್ಟೇ.

ಇನ್ನು ತಂದೆ–ತಾಯಿಯ ಅಳತೆ. ಟೈ, ಬೂಟು, ಹಳದಿ ಬಸ್ಸು, ನಾಲ್ಕು ಇಂಗ್ಲಿಷ್ ರೈಮು. ಇದನ್ನು ಕಂಡು ನಗುವವರ ಗುಂಪಿಗೆ ನಾನು ಸೇರುವುದಿಲ್ಲ. ಕೂಲಿ ಮಾಡಿ ಕಾನ್ವೆಂಟಿಗೆ ಫೀಸು ಕಟ್ಟುವ ತಾಯಿಗೆ ಕಣ್ಣಿಗೆ ಕಾಣುವಂಥದ್ದು ಅದೊಂದೇ. ಸರ್ಕಾರಿ ಶಾಲೆ ಅವಳಿಗೆ ಬೇರೆ ಏನನ್ನು ತೋರಿಸಿದೆ? ಶಾಲೆಯ ಲೆಕ್ಕವೆಲ್ಲ ಮೇಲಕ್ಕೆ ಹೋಗುತ್ತದೆ: ಸಿಆರ್‌ಪಿಗೆ, ಬಿಇಒಗೆ, ಡಿಡಿಪಿಐಗೆ, ಬೆಂಗಳೂರಿಗೆ, ದೆಹಲಿಗೆ. ಶಾಲೆಯ ಕಾಂಪೌಂಡಿನಿಂದ ನೂರು ಹೆಜ್ಜೆ ಆಚೆ ಇರುವ ಮನೆಗೆ ಮಾತ್ರ ಬರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ಅಳತೆ ತಪ್ಪು ಎನ್ನುವುದಕ್ಕಿಂತ, ಅಳೆದದ್ದು ತಪ್ಪು ವಿಳಾಸಕ್ಕೆ ಹೋಗುತ್ತಿದೆ.

ಅಂಕ ಹೋಲಿಸುವುದರಲ್ಲಿ ಮತ್ತೂ ಒಂದು ಮೋಸವಿದೆ. ಸಂದರ್ಶನ ಮಾಡಿ, ಅಪ್ಪ–ಅಮ್ಮನ ಓದು ವಿಚಾರಿಸಿ ಮಗುವನ್ನು ಸೇರಿಸಿಕೊಳ್ಳುವ ಶಾಲೆಯನ್ನೂ, ಬಂದವರನ್ನೆಲ್ಲ ಕೈಹಿಡಿದು ಒಳಗೆ ಕರೆಯುವ ತಾಂಡಾದ ಶಾಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತೂಕಕ್ಕೆ ಬೀಳುವುದು ಮನೆ, ಶಾಲೆಯಲ್ಲ. ಮಗು ಎಲ್ಲಿಂದ ಹೊರಟಿತು, ಈಗ ಎಲ್ಲಿದೆ; ನಡುವಣ ದೂರವಷ್ಟೇ ಶಾಲೆಯ ಗಳಿಕೆ. ಸೋಜಿಗವೆಂದರೆ ಇದನ್ನು ಅಳೆಯುವ ಉಪಾಯ ನಮ್ಮ ನೆಲದಲ್ಲೇ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿಯ ಪ್ರಯೋಗ ನೋಡಿ ಬಂದ ಮೇಷ್ಟ್ರುಗಳು ಯುನಿಸೆಫ್ ನೆರವಿನಲ್ಲಿ ಕಟ್ಟಿದ ‘ನಲಿ–ಕಲಿ’ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರ ಜೀವವೇ ಕಲಿಕೆಯ ಮೆಟ್ಟಿಲು. ಹದಿನೈದು ದಿನ ಜ್ವರ ಬಂದು ಮಲಗಿದ ಮಗು, ಕಬ್ಬಿಗೆ ಹೋಗಿ ಬಂದ ಮಗು, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂಬುದು ಗೋಡೆಯ ಮೇಲಿನ ‘ಪ್ರಗತಿ ನೋಟ’ದಲ್ಲಿ ಕಾಣುತ್ತದೆ.

ಅದೇ ತಾಂಡಾ ಶಾಲೆಯ ಪಕ್ಕದ ಕೊಠಡಿ ನಲಿ–ಕಲಿಯದು. ಒಂದರಿಂದ ಮೂರರ ತನಕ ಮಕ್ಕಳು ಕಲೆತು ಕೂತಿದ್ದರು. ಟೀಚರ್ ಬಂದು ಎರಡು ವರ್ಷವಾಗಿತ್ತಷ್ಟೇ. ಗೋಡೆಗೆ ಅಂಟಿಸಿದ ಮಿಂಚುಪಟ್ಟಿಯಲ್ಲಿ ‘ಅವ್ವ’ ಎಂಬುದರ ಕೆಳಗೆ ಪೆನ್ಸಿಲಿನಲ್ಲಿ ‘ಯಾಡಿ’ ಎಂದು ಬರೆದುಕೊಂಡಿದ್ದರು. ‘ಮೊದಲ ಮೂರು ತಿಂಗಳು ಅವರ ಮಾತು ನಾ ಕಲತೇನ್ರಿ, ಆಮ್ಯಾಗ ನನ್ನ ಮಾತು ಅವರು ಕಲತರು’ ಎಂದರು. ಒಂದು ಹುಡುಗಿಯ ಹೆಸರಿನ ಮುಂದೆ ಗುರುತು ಬಹಳ ದಿನದಿಂದ ಅಲುಗಾಡಿರಲಿಲ್ಲ. ಯಾಕೆ ಎಂದರೆ, ‘ಆಕಿಗೆ ಹಲಗಿ ಕಾಣಂಗಿಲ್ರಿ, ಕಣ್ಣಿನ ಡಾಕ್ಟರಿಗೆ ತೋರಸ್ರಿ ಅಂತ ಅವರಪ್ಪಗ ಹೇಳೇನಿ’ ಎಂಬ ಉತ್ತರ ಬಂತು. ಯಾವ ಪೋರ್ಟಲಿನಲ್ಲಿ ಇದಕ್ಕೊಂದು ಕಾಲಂ ಇದೆ?

ಒಂದೇ ಶಾಲೆ, ನಡುವೆ ಒಂದು ಗೋಡೆ, ಎರಡು ಗುಣಮಟ್ಟ. ನಾಲ್ಕನೇ ತರಗತಿಯ ಹುಡುಗನಿಗೆ ಈ ಟೀಚರ್ ಸಿಕ್ಕಿದ್ದು ತಡವಾಗಿ. ಇಡೀ ಶಾಲೆಗೆ ‘ಎ’ ಅಥವಾ ‘ಬಿ’ ಎಂದು ಒಂದು ಅಕ್ಷರ ಅಂಟಿಸಿದರೆ ಅದು ಯಾವ ಕೊಠಡಿಯ ಬಗ್ಗೆ ಹೇಳಿದಂತಾಯಿತು? ಹಾಗೆಂದು ಹೆಡ್‌ಮಾಸ್ತರರನ್ನು ದೂರುವಂತೆಯೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳ ತನಕ ಇಬ್ಬರೇ ಶಿಕ್ಷಕರು. ತರಗತಿ ಐದು, ಮೇಷ್ಟ್ರು ಎರಡು. ಅದರಲ್ಲಿ ಒಬ್ಬರು ಸಭೆಗೆ, ಬ್ಯಾಂಕಿಗೆ, ಮೊಟ್ಟೆಯ ಬಿಲ್ಲಿಗೆ ಹೋದರೆ ಉಳಿದದ್ದು ಒಂದು. ಚುನಾವಣೆ, ಗಣತಿ ಬೇರೆ. 2025ರಲ್ಲಿ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳು ಮನೆಮನೆ ಸುತ್ತಬೇಕಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರ ತನಕ ಎಳೆಯಲಾಯಿತು. ಮೇಷ್ಟ್ರು ತರಗತಿಯಲ್ಲಿ ಎಷ್ಟು ದಿನ ಇದ್ದರು ಎಂಬ ಒಂದು ಸಂಖ್ಯೆಯನ್ನು ಶಾಲೆಯ ಬಾಗಿಲಿಗೆ ಬರೆದು ಹಾಕಿದರೆ, ನಾಚಬೇಕಾದವರು ಶಾಲೆಯ ಹೊರಗಿದ್ದಾರೆ ಎಂದಾದರೂ ತಿಳಿದೀತು.

ಓದು ನೋಡಲು ದೊಡ್ಡ ಯಂತ್ರಾಂಗ ಬೇಕಿಲ್ಲ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಸಾಧನ ಒಂದು ಹಾಳೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಮಗುವಿನ ಮನೆಗೇ ಹೋಗಿ, ಪಕ್ಕದಲ್ಲಿ ಕೂತು, ಒಂದೊಂದಾಗಿ ಓದಿಸುತ್ತಾರೆ. ಆದರೆ ಅದರ ಫಲ ಜಿಲ್ಲೆ, ರಾಜ್ಯಗಳ ಶೇಕಡಾವಾರಾಗಿ ಪತ್ರಿಕೆಯಲ್ಲಿ ಬರುತ್ತದೆ. ‘ನಿಮ್ಮೂರ ಶಾಲೆ ಹೇಗಿದೆ’ ಎಂದು ಅದು ಹೇಳುವುದಿಲ್ಲ, ಹೇಳಲೆಂದು ಮಾಡಿದ್ದೂ ಅಲ್ಲ. ಆ ಒಂದು ಹಾಳೆಯ ಕೆಲಸವನ್ನು ಊರೇ ಮಾಡಬಹುದು. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಅರ್ಧದಷ್ಟು ಮಹಿಳೆಯರು. ಕಾಯ್ದೆಗೆ ಮೊದಲೇ, 2001ರಲ್ಲೇ, ಕರ್ನಾಟಕ ಇಂಥ ಶಾಲಾ ಸಮಿತಿಯನ್ನು, ಅಂದರೆ ಎಸ್‌ಡಿಎಂಸಿ ಕಟ್ಟಿತ್ತು. ಆದರೆ ಸಮಿತಿಯ ಸಭೆ ಕೂತಾಗ ಮಾತೆಲ್ಲ ಸಿಮೆಂಟು, ಕಾಂಪೌಂಡು, ಗ್ಯಾಸ್ ಸಿಲಿಂಡರು, ಸ್ವಾತಂತ್ರ್ಯ ದಿನದ ಪೆಂಡಾಲು. ನಮ್ಮ ಮಕ್ಕಳಿಗೆ ಓದಲು ಬರುತ್ತದೆಯೇ ಎಂದು ಕೇಳುವುದು ತಮ್ಮ ಅಧಿಕಾರ ಎಂದು ಸದಸ್ಯರಿಗೆ ಯಾರೂ ಹೇಳಿಲ್ಲ. ‘ನಮಗೇ ಓದಾಕ ಬರಂಗಿಲ್ಲ, ಏನ್ ಕೇಳೂದ್ರಿ’ ಎಂಬ ಹಿಂಜರಿಕೆ ಬೇರೆ.

ಆ ಹಿಂಜರಿಕೆ ಅಷ್ಟೇನೂ ಗಟ್ಟಿಯಲ್ಲ ಎಂದು ನನಗೆ ಗೊತ್ತಾದದ್ದು ಅದೇ ತಾಂಡಾದಲ್ಲಿ, ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ. ಪೋಷಕರ ಮುಂದೆ ಮಕ್ಕಳು ಓದಿ ತೋರಿಸಬೇಕು. ಮೂರನೇ ತರಗತಿಯ ಹುಡುಗಿಯೊಬ್ಬಳು ನಲಿ–ಕಲಿಯ ಕಾರ್ಡು ಹಿಡಿದು ನಿಂತಳು. ಓದು ಬಾರದ ಅವಳ ತಾಯಿ ಅರೆಗಳಿಗೆ ಕೇಳಿಸಿಕೊಂಡು, ಕೈಯಾಡಿಸಿ ನಿಲ್ಲಿಸಿದರು. ಎಲೆ–ಅಡಿಕೆಯ ಚಂಚಿ ಬಿಚ್ಚಿ, ನಾಲ್ಕು ಮಡಿಕೆಯಾಗಿದ್ದ ಕರೆಂಟಿನ ಬಿಲ್ಲು ತೆಗೆದು ಮಗಳ ಕೈಗಿಟ್ಟರು. ಹುಡುಗಿ ಬೆರಳಿಟ್ಟು, ಅಡಿಯಿಂದ ಶುರು ಮಾಡಿದಳು. ಗೃಹಜ್ಯೋತಿಯ ಬಿಲ್ಲು, ಕಟ್ಟಬೇಕಾದ ಮೊತ್ತದ ಎದುರು ‘ಸೊನ್ನೆ’ ಎಂದಳು. ಎಲ್ಲರೂ ನಕ್ಕರು. ತಾಯಿ ನಗಲಿಲ್ಲ, ಲಂಬಾಣಿಯಲ್ಲಿ ಏನೋ ಅಂದರು. ಟೀಚರ್ ನಮಗಾಗಿ ಕನ್ನಡಕ್ಕೆ ತಂದರು: ‘ಸೊನ್ನಿ ಅಂತ ನನಗೂ ಗೊತ್ತೈತಿ, ಮ್ಯಾಲಿಂದ ಓದು ಅನ್ನಾಕತ್ತಾಳ್ರಿ.’

ಹುಡುಗಿ ಬೆರಳನ್ನು ಮೇಲಿನ ಸಾಲಿಗೆ ತಂದಳು. ‘ಗ್ರಾ… ಗ್ರಾಹ… ಗ್ರಾಹಕರ’ ಎಂದು ಹಿಡಿದಳು. ಬೆರಳು ಎಲ್ಲಿತ್ತೋ ಬಾಯಿಯೂ ಅಲ್ಲೇ ಇತ್ತು.